ದೀಪವಿಲ್ಲದ ಊರು

ಪಾರಸಿ ನುಡಿಯ ಒಂದು ಕುಗ್ರಾಮ ಎಲ್ಲಿದೆ, ಅಲ್ಲಿ ಎಷ್ಟು ಮಂದಿ ಇದ್ದಾರೆ ಎಂದು ತಿಳಿಯಬೇಕಾದರೆ ಇರಾನಿನ ಜನಗಣತಿಯ ಪಟ್ಟಿಯನ್ನು ನೋಡಬೇಕು. ಮೊದಲು ಪ್ರಾಂತ, ಅದರೊಳಗೆ ಜಿಲ್ಲೆ, ಅದರ ಕೆಳಗೆ ನಮ್ಮ ಹೋಬಳಿಯಂಥ ವಿಭಾಗಗಳು, ಕಟ್ಟಕಡೆಗೆ ಊರು. ಜನವಸತಿಯುಳ್ಳ ಊರಿಗೆ ಅಲ್ಲಿ ‘ಆಬಾದಿ’ ಎನ್ನುತ್ತಾರೆ. ನಮ್ಮ ಹೈದರಾಬಾದಿನ ಬಾಲದಲ್ಲಿರುವುದೂ ಅದೇ ಮಾತು. ೨೦೦೬ರ ಗಣತಿಯಲ್ಲಿ ಬೆರಳೆಣಿಕೆಯ ಮನೆಗಳಿದ್ದ ಅನೇಕ ಹಳ್ಳಿಗಳ ಹೆಸರು ದಾಖಲಾಯಿತೇ ಹೊರತು ಜನಸಂಖ್ಯೆ ಪ್ರಕಟವಾಗಲಿಲ್ಲ. ಊರೊಂದು ಇದೆ ಎಂಬುದಷ್ಟೇ ಸುದ್ದಿ.

ಅಷ್ಟು ದೂರದ ಸಂಗತಿ ಮಂಗಳೂರಿನವರಿಗೇಕೆ ಎಂದು ವಾಚಕರು ಕೇಳಬಹುದು. ಪಾರಸಿಯೇ ಮನೆಮಾತಾದ ಹಳ್ಳಿ ಕನ್ನಡನಾಡಿನಲ್ಲಿಲ್ಲ, ನಿಜ. ಗೌರಿಬಿದನೂರು ತಾಲೂಕಿನ ಅಲೀಪುರಕ್ಕೆ ಇರಾನಿನೊಡನೆ ಧರ್ಮದ ನಂಟು ಗಾಢವಾಗಿದ್ದರೂ ಅಲ್ಲಿಯ ಮಾತು ಉರ್ದು. ಆದರೆ ಹಳ್ಳಿಯನ್ನು ಗುರುತಿಸುವ, ಎಣಿಸುವ ನಮ್ಮ ದಫ್ತರದ ಭಾಷೆ ಅರ್ಧಕ್ಕರ್ಧ ಪಾರಸಿಯ ಋಣದಲ್ಲಿದೆ. ಜಿಲ್ಲೆ, ತಾಲೂಕು, ಕಸಬಾ ಅರಬಿಯಲ್ಲಿ ಹುಟ್ಟಿ ಪಾರಸಿಯ ದಾರಿಯಿಂದ ಬಂದವು. ಜಮೀನು ಅಪ್ಪಟ ಪಾರಸಿ. ೧೪೪೩ರಲ್ಲಿ ಶಾರುಖನ ರಾಯಭಾರಿಯಾಗಿ ವಿಜಯನಗರಕ್ಕೆ ಹೊರಟ ಅಬ್ದುರ್ ರಝಾಕನು ಮಂಗಳೂರಿನ ಮೂಲಕವೇ ಘಟ್ಟವೇರಿದನು. ನಾವು ದಿನಸಿಗೆಂದು ಹೋಗುವ ಬಂದರು ಅವನ ನುಡಿಯ ಪದವೇ.

ನಮ್ಮ ಹಿರಿಯರು ಜನಗಣತಿಗೆ ‘ಖಾನೇಷುಮಾರಿ’ ಎನ್ನುತ್ತಿದ್ದರು. ಖಾನೆ ಎಂದರೆ ಮನೆ, ಷುಮಾರ್ ಎಂದರೆ ಎಣಿಕೆ. ಅದೇ ಷುಮಾರ್ ಕನ್ನಡಕ್ಕೆ ಬಂದು ‘ಸುಮಾರು’ ಆಯಿತು. ಲೆಕ್ಕವೆಂಬ ಮಾತನ್ನು ಅಂದಾಜೆಂಬ ಅರ್ಥಕ್ಕೆ ತಿರುಗಿಸಿದ ನಮ್ಮ ಜಾಣ್ಮೆಯನ್ನು ಮೆಚ್ಚಲೇಬೇಕು!

ಇವೆಲ್ಲಕ್ಕಿಂತ ಮನಸ್ಸನ್ನು ತಟ್ಟುವ ಮಾತು ಇನ್ನೊಂದುಂಟು. ಘಟ್ಟದ ಮೇಲಿನ ಕಂದಾಯದ ಪುಸ್ತಕಗಳಲ್ಲಿ ಕೆಲವು ಊರುಗಳ ಮುಂದೆ ‘ಬೇಚಿರಾಕ್’ ಎಂದು ಬರೆದಿರುತ್ತದೆ. ಪಾರಸಿಯಲ್ಲಿ ಚಿರಾಗ್ ಎಂದರೆ ದೀಪ. ಬೇಚಿರಾಗ್ ಎಂದರೆ ದೀಪವಿಲ್ಲದ್ದು. ಸಂಜೆ ಒಂದು ಮನೆಯಲ್ಲೂ ಹಣತೆ ಹಚ್ಚುವವರಿಲ್ಲದ ಊರು. ಬರವೋ ಪ್ಲೇಗೋ ಜನರನ್ನು ಎಬ್ಬಿಸಿ ಕಳುಹಿಸಿತು. ಹೆಸರು, ಎಲ್ಲೆಕಟ್ಟು, ಸರ್ವೆ ನಂಬರು ಮಾತ್ರ ಕದಲದೆ ನಿಂತವು. ಹೊಲಗಳನ್ನು ನೆರೆಯೂರಿನವರು ಉಳುತ್ತಾರೆ. ಗುಮಾಸ್ತನೊಬ್ಬನು ಜನಸಂಖ್ಯೆ ಸೊನ್ನೆ ಎಂಬುದನ್ನು ಇಷ್ಟು ಮೃದುವಾಗಿ ಬರೆಯಬಲ್ಲನೆಂದು ಯಾರು ನಂಬಿಯಾರು?

ಇದಕ್ಕೆ ಪ್ರತಿಯಾಗಿ, ದೀಪ ಉರಿಯುತ್ತಿದ್ದರೂ ಪುಸ್ತಕದಲ್ಲಿ ಹೆಸರಿಲ್ಲದ ಊರುಗಳೂ ನಮ್ಮಲ್ಲಿದ್ದವು. ಲಂಬಾಣಿ ತಾಂಡಾಗಳು, ಗೊಲ್ಲರ ಹಟ್ಟಿಗಳು ತಲೆಮಾರುಗಳಿಂದ ನೆಲೆಸಿದ್ದರೂ ಬೇರೊಂದು ಗ್ರಾಮದ ಬಾಲವಾಗಿಯೇ ಲೆಕ್ಕಕ್ಕೆ ಬರುತ್ತಿದ್ದವು. ಮನೆ ತಮ್ಮದು, ಅಡಿಯ ನೆಲಕ್ಕೆ ಪತ್ರವಿಲ್ಲ; ಪತ್ರವಿಲ್ಲದವನಿಗೆ ಬ್ಯಾಂಕಿನ ಸಾಲವೆಲ್ಲಿ? ಸತ್ತ ಊರಿಗಿರುವ ಮರ್ಯಾದೆ ಬದುಕಿರುವ ಊರಿಗಿಲ್ಲವೆಂಬುದು ನನಗೆ ಅನ್ಯಾಯವಾಗಿಯೇ ಕಂಡಿದೆ. ಕಲಬುರಗಿ, ಯಾದಗಿರಿ, ರಾಯಚೂರು, ಬೀದರ, ವಿಜಯಪುರ ಜಿಲ್ಲೆಗಳ ೧,೪೭೫ ಇಂತಹ ವಸತಿಗಳು ಕಂದಾಯ ಗ್ರಾಮಗಳೆನಿಸಿದವು. ೨೦೨೩ರ ಜನವರಿ ೧೯ರಂದು ಮಳಖೇಡದಲ್ಲಿ ಹಕ್ಕುಪತ್ರಗಳ ವಿತರಣೆ ನಡೆಯಿತು. ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಳಖೇಡವೂ ಇಂದು ಹಳ್ಳಿಯೇ.

೨೦೨೧ರಲ್ಲಿ ಆಗಬೇಕಾಗಿದ್ದ ಗಣತಿ ನಡೆಯಲಿಲ್ಲ. ಮುಂದಿನದಕ್ಕೆ ೨೦೨೭ರ ಮಾರ್ಚಿ ೧ ಗೊತ್ತಾಯಿತು. ಆ ಪಟ್ಟಿ ಅಚ್ಚಾದಾಗ ಈ ಹೊಸ ಹೆಸರುಗಳ ಎದುರಿನ ಅಂಕಿಗಳನ್ನೇ ನಾನು ಮೊದಲು ಹುಡುಕುವವನು.