ಇವತ್ತು ನೀರಿಗೆ ಇಳಿಯಬಹುದೇ?

ಮಳೆಗಾಲ ಬಂತೆಂದರೆ ವಿಜಯಪುರದ ಚಹಾದಂಗಡಿಗಳಲ್ಲಿ ಮೊದಲು ಕೇಳಿಬರುವ ಪ್ರಶ್ನೆ, ‘ಆಲಮಟ್ಟಿ ಎಷ್ಟ ತುಂಬೇತ್ರಿ?’ ಸೊಲ್ಲಾಪುರ ರಸ್ತೆಯಲ್ಲಿ ನಾನು ಪರೀಕ್ಷೆಗೆ ಓದಲು ಕೂರುವ ಜಾಗದ ಎದುರಿನ ಅಂಗಡಿಯಲ್ಲೂ ಹಾಗೆಯೇ. ಗರಿಷ್ಠ ಮಟ್ಟ 519.60 ಮೀಟರ್, ಇಂದಿನ ಮಟ್ಟ ಇಷ್ಟು, ಒಳಹರಿವು ಇಷ್ಟು, ಹೊರಹರಿವು ಇಷ್ಟು ಎಂದು ಪತ್ರಿಕೆಯ ಮೂಲೆಯಲ್ಲಿ ಅಚ್ಚಾಗುವ ಅಂಕಿಗಳನ್ನು ರೈತರಿಂದ ಹಿಡಿದು ನಮ್ಮಂಥ ಉದ್ಯೋಗಾಕಾಂಕ್ಷಿಗಳವರೆಗೆ ಎಲ್ಲರೂ ಓದುತ್ತೇವೆ. ಕಾಲುವೆಗೆ ಯಾವಾಗ ನೀರು ಬರಬಹುದು ಎಂಬ ಅಂದಾಜು ಅದರಿಂದ ಸಿಗುತ್ತದೆ. ಆದರೆ ಭಾನುವಾರ ಎರಡು ಬೈಕಿನಲ್ಲಿ ಕೆರೆಗೋ ಹೊಳೆಗೋ ಹೊರಟ ನಾಲ್ವರು ಹುಡುಗರಿಗೆ ಬೇಕಾದ ಉತ್ತರ ಆ ಅಂಕಿಗಳಲ್ಲಿ ಇಲ್ಲ. ಇವತ್ತು ಈ ನೀರಿಗೆ ಇಳಿಯಬಹುದೇ?

ಈ ಪ್ರಶ್ನೆ ನಮ್ಮ ಜಿಲ್ಲೆಗೆ ಹೊಸದು. ಬರಕ್ಕೆ ಹೆಸರಾದ ನೆಲ ನಮ್ಮದು. ಏತ ನೀರಾವರಿಯ ಮೂಲಕ ಕೃಷ್ಣೆಯ ನೀರು ಹತ್ತಿ ಬಂದ ಮೇಲೆ ಬಬಲೇಶ್ವರ ತಾಲ್ಲೂಕಿನ ಮಮದಾಪುರದ ದೊಡ್ಡ ಕೆರೆ, 1651ರಲ್ಲಿ ಮಹಮ್ಮದ್ ಆದಿಲ್‌ಶಾಹಿ ಕಟ್ಟಿಸಿದ ಬೇಗಂ ತಾಲಾಬ್ ನೀರು ಕಂಡವು. ತಿಕೋಟಾ, ಬಬಲೇಶ್ವರದ ಹೊಲಗಳ ನಡುವೆ ಕಾಲುವೆಗಳು ಹರಿದವು. ನೀರು ಬಂದ ಹೊತ್ತಿಗೇ ಇನ್ನೊಂದು ಸದ್ದಿಲ್ಲದೆ ಹೋಯಿತು, ಅದು ಈಜು. ನಮ್ಮ ಅಜ್ಜ, ಕಾಕಾಗಳ ಕಾಲದಲ್ಲಿ ಬೇಸಿಗೆ ಎಂದರೆ ಹೊಲದ ಬಾವಿಗೆ ಈಸಬೀಳುವುದು. ಸೊಂಟಕ್ಕೆ ಬೆಂಡು ಕಟ್ಟಿ ನೂಕುತ್ತಿದ್ದರು, ಮೆಟ್ಟಿಲ ಮೇಲೆ ಒಬ್ಬ ಹಿರಿಯ ಕಾಯುತ್ತಿದ್ದ, ಬಾವಿಯ ಆಳ ಊರಿಗೆಲ್ಲ ಗೊತ್ತಿತ್ತು. ಬೋರ್‌ವೆಲ್ ಬಂದಂತೆ ಆ ಬಾವಿಗಳು ಬತ್ತಿದವು, ಕೆಲವು ಮುಚ್ಚಿಹೋದವು. ಹೀಗಾಗಿ ನೀರು ಹೆಚ್ಚಿ ಈಜು ಕಡಿಮೆಯಾದ ಕಾಲದಲ್ಲಿ ನಾವು ದೊಡ್ಡವರಾಗಿದ್ದೇವೆ. ನನ್ನ ವಯಸ್ಸಿನ ಎಷ್ಟೋ ಹುಡುಗರು ಎದೆಮಟ್ಟದ ನೀರನ್ನು ಮೊದಲು ನೋಡಿದ್ದು ಕಾಲುವೆಯಲ್ಲೇ.

ಕಾಲುವೆ ನೋಡಲು ಸಾಧು. ಅಲೆಯಿಲ್ಲ, ಸುಳಿ ಕಾಣುವುದಿಲ್ಲ. ಆದರೆ ಇಳಿಜಾರಿನ ಕಾಂಕ್ರೀಟ್ ಮೇಲೆ ಪಾಚಿ ಕಟ್ಟಿದರೆ ಒಳ್ಳೆಯ ಈಜುಗಾರನಿಗೂ ದಡ ಹತ್ತಲು ಹಿಡಿತ ಸಿಗುವುದಿಲ್ಲ. ಭೌತಶಾಸ್ತ್ರ ಓದಿದವರಿಗೆ ಗೊತ್ತು, ಹರಿವಿನ ವೇಗ ಎರಡರಷ್ಟಾದರೆ ಅದು ಮೈಯನ್ನು ತಳ್ಳುವ ಬಲ ನಾಲ್ಕರಷ್ಟಾಗುತ್ತದೆ. ಡೋಣಿಯ ಗುಣ ಬೇರೆ. ವರ್ಷದ ಬಹುಪಾಲು ಉಪ್ಪುನೀರಿನ ಸಣ್ಣ ಹರಿವು. ಜತ್ತ ಕಡೆ ಜೋರು ಮಳೆಯಾದರೆ ಇಲ್ಲಿ ಬಿಸಿಲಿದ್ದಾಗಲೇ ಉಕ್ಕಿ ಬರುತ್ತದೆ. ಸೊಲ್ಲಾಪುರ ರಸ್ತೆಯಲ್ಲೇ ಮುಂದೆ ಹೋದರೆ ಧೂಳಖೇಡದ ಬಳಿ ಭೀಮೆ ಸಿಗುತ್ತಾಳೆ. ಆ ನೀರಿನ ಕೀಲಿಕೈ ಮಹಾರಾಷ್ಟ್ರದ ಉಜನಿ ಜಲಾಶಯದಲ್ಲಿದೆ. 2020ರ ಅಕ್ಟೋಬರ್‌ನಲ್ಲಿ ಭೀಮಾ ತೀರದ ಹಳ್ಳಿಗಳು ಅದನ್ನು ಕಂಡುಂಡಿವೆ.

ಇಷ್ಟೊಂದು ಬಗೆಯ ನೀರಿಗೆ ನಮ್ಮಲ್ಲಿರುವುದು ಒಂದೇ ಬಗೆಯ ಫಲಕ: ‘ಅಪಾಯ, ಈಜಬಾರದು’. ಬೇಸಿಗೆಯಲ್ಲಿ ತಳದ ಕೆಸರು ಬಿರುಕು ಬಿಟ್ಟಾಗಲೂ ಅದೇ ಮಾತು, ಪ್ರವಾಹದಲ್ಲೂ ಅದೇ ಮಾತು. ದಿನವೂ ಬೇಡ ಎನ್ನುವ ಫಲಕವನ್ನು ಯಾರೂ ಓದುವುದಿಲ್ಲ. ಅದರ ಕೆಳಗೇ ನಿಂತು ಸೆಲ್ಫಿ ತೆಗೆದುಕೊಳ್ಳುತ್ತಾರೆ. ಒಮ್ಮೊಮ್ಮೆಯಾದರೂ ‘ಇಳಿಯಿರಿ’ ಎನ್ನುವ ಫಲಕ ‘ಇವತ್ತು ಬೇಡ’ ಎಂದಾಗ ಮಾತ್ರ ಹುಡುಗರು ನಂಬುತ್ತಾರೆ ಎಂಬುದು ನನ್ನ ವಾದ. 2022ರಲ್ಲಿ ದೇಶದಲ್ಲಿ ನೀರಿನಲ್ಲಿ ಮುಳುಗಿ ಸತ್ತವರು 38 ಸಾವಿರಕ್ಕೂ ಹೆಚ್ಚು ಎಂದು ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ಲೆಕ್ಕ ಕೊಟ್ಟಿದೆ. ಎಲ್ಲರೂ ಮೋಜಿಗೆ ಹೋದವರಲ್ಲ, ನಿಜ.

ನೀರಿಗೆ ದರ್ಜೆ ಕೊಡುವುದು ಹೊಸ ವಿದ್ಯೆಯೇನಲ್ಲ. ದಾಂಡೇಲಿ ಬಳಿ ಕಾಳಿಯಲ್ಲಿ ರ‍್ಯಾಫ್ಟಿಂಗ್ ಮಾಡಿಸುವವರು ಹರಿವನ್ನು ಒಂದರಿಂದ ಆರರವರೆಗಿನ ಅಂತರರಾಷ್ಟ್ರೀಯ ಮಾಪನದಲ್ಲಿ ಅಳೆಯುತ್ತಾರೆ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ನೀರನ್ನು ‘ಎ’ಯಿಂದ ‘ಇ’ವರೆಗೆ ವಿಂಗಡಿಸಿದೆ. ಅದರಲ್ಲಿ ‘ಬಿ’ ಎಂದರೆ ಸ್ನಾನಕ್ಕೆ ಯೋಗ್ಯ: ಲೀಟರಿಗೆ ಕನಿಷ್ಠ 5 ಮಿ.ಗ್ರಾಂ. ಕರಗಿದ ಆಮ್ಲಜನಕ ಇರಬೇಕು, ಜೈವಿಕ ಆಮ್ಲಜನಕ ಬೇಡಿಕೆ 3 ಮಿ.ಗ್ರಾಂ. ಮೀರಬಾರದು, 100 ಮಿ.ಲೀ.ನಲ್ಲಿ ಒಟ್ಟು ಕೋಲಿಫಾರ್ಮ್ 500 ದಾಟಬಾರದು. ‘ಇ’ ಎಂದರೆ ಹೊಲಕ್ಕೆ ಬಿಡಲು ಅಡ್ಡಿಯಿಲ್ಲ ಅಷ್ಟೇ. ಪಡುಬಿದ್ರಿ ಮತ್ತು ಹೊನ್ನಾವರದ ಕಾಸರಕೋಡು ಕಡಲತೀರಗಳಿಗೆ 2020ರಲ್ಲಿ ‘ಬ್ಲೂ ಫ್ಲ್ಯಾಗ್’ ಸಿಕ್ಕಿದ್ದು ಇಂಥ ಪರೀಕ್ಷೆಗಳನ್ನು ಪಾಸಾಗಿಯೇ. ಕಡಲಿಗೆ ಆಗುವುದು ಕೆರೆಗೆ ಏಕೆ ಆಗದು? ಈಗ ನಮ್ಮ ಕೆರೆಗಳಿಗೆ ಇರುವ ಒಂದೇ ರೇಟಿಂಗ್ ಎಂದರೆ ಗೂಗಲ್ ಮ್ಯಾಪ್‌ನ ನಕ್ಷತ್ರ. ಸೂರ್ಯಾಸ್ತ ಚೆನ್ನಾಗಿದೆ, ಮಿರ್ಚಿ ಭಜಿ ಬಿಸಿ ಸಿಗುತ್ತದೆ ಎಂದು ಕೊಟ್ಟ ನಕ್ಷತ್ರಗಳು ಅವು. ಆಳ ಎಷ್ಟೆಂದು ಹೇಳುವುದಿಲ್ಲ.

ಒಂದು ತೊಡಕಿದೆ. ಕೋಲಿಫಾರ್ಮ್ ಪರೀಕ್ಷೆಯ ಫಲಿತಾಂಶಕ್ಕೆ ಕನಿಷ್ಠ ಒಂದು ದಿನ ಬೇಕು. ಇವತ್ತು ಕೈಗೆ ಬರುವುದು ನಿನ್ನೆಯ ನೀರಿನ ಅಂಕ. ಮಳೆ ಬಿದ್ದರಂತೂ ಓಣಿಯ ಹೊಲಸೆಲ್ಲ ನೀರಿಗೆ ಸೇರಿ ಲೆಕ್ಕ ತಲೆಕೆಳಗು. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಸೆನ್ ನದಿಯ ನೀರು ಮಳೆಯಿಂದ ಕೆಟ್ಟು ಪುರುಷರ ಟ್ರಯಥ್ಲಾನ್ ಒಂದು ದಿನ ಮುಂದಕ್ಕೆ ಹೋಯಿತು. ನೂರು ವರ್ಷ ಈಜು ನಿಷೇಧವಿದ್ದ ಅದೇ ನದಿಯನ್ನು ಮರುವರ್ಷ ಜನರಿಗೆ ತೆರೆದರು. ಪರೀಕ್ಷೆ ನಡೆಸಿ ಬಾವುಟ ಹಾರಿಸುತ್ತಾರೆ, ಕೆಂಪಿದ್ದರೆ ಯಾರೂ ಇಳಿಯುವಂತಿಲ್ಲ. ನಮಗೆ ಅಷ್ಟು ಖರ್ಚು ಬೇಡ. ಜೋರು ಮಳೆಯಾದ ಮೇಲೆ ಎರಡು ದಿನ ಕೆಂಪು ಎಂಬ ನಿಯಮವೇ ಅರ್ಧ ಕೆಲಸ ಮಾಡುತ್ತದೆ. ಕಪ್ಪು-ಬಿಳಿ ಬಣ್ಣ ಬಳಿದ ತಟ್ಟೆಯೊಂದನ್ನು ಹಗ್ಗಕ್ಕೆ ಕಟ್ಟಿ ಇಳಿಸಿ, ಎಷ್ಟು ಆಳಕ್ಕೆ ಕಣ್ಮರೆಯಾಯಿತೆಂದು ನೋಡಿದರೆ ನೀರಿನ ತಿಳಿ ಗೊತ್ತಾಗುತ್ತದೆ. ನಮ್ಮ ಎರೆಮಣ್ಣಿನ ನೀರಿನಲ್ಲಿ ಈ ಅಳತೆ ಮುಖ್ಯ. ಮುಳುಗಿದವನು ಕಾಣದ ನೀರಿನಲ್ಲಿ ಅವನನ್ನು ಹುಡುಕುವುದು ಹೇಗೆ?

ಬಿ.ಎಸ್ಸಿ. ರಸಾಯನಶಾಸ್ತ್ರ, ಸೂಕ್ಷ್ಮಜೀವಿಶಾಸ್ತ್ರ ಓದುವವರು ನಮ್ಮ ಕಾಲೇಜುಗಳಲ್ಲಿ ಎಷ್ಟು ಮಂದಿಯಿಲ್ಲ! ಪ್ರಾಜೆಕ್ಟ್ ಎಂದು ಹಳೆಯ ರೆಕಾರ್ಡ್ ನಕಲು ಮಾಡುವ ಬದಲು ವಾರಕ್ಕೊಮ್ಮೆ ಮಮದಾಪುರದ ನೀರು ತಂದು ಪರೀಕ್ಷಿಸಲಿ. ಊರಿನ ಮೀನುಗಾರರಿಗೆ ಆಳದ ಲೆಕ್ಕ ಗೊತ್ತು, ಅವರ ಮಕ್ಕಳಿಗೆ ಜೀವರಕ್ಷಕ ತರಬೇತಿ ಕೊಟ್ಟು ಸಂಬಳಕ್ಕೆ ಇಡಲಿ. ಪ್ರವಾಸೋದ್ಯಮದಲ್ಲಿ ಉದ್ಯೋಗ ಸೃಷ್ಟಿ ಎಂದು ನಾವು ಪ್ರಬಂಧ ಬರೆಯುತ್ತೇವಲ್ಲ, ಅದು ಇಂಥದ್ದೇ. ಹಸಿರು ಬಾವುಟ ಹಾರಿಸಿದ ದಿನವೇ ಅವಘಡವಾದರೆ ಹೊಣೆ ಯಾರು ಎಂದು ಅಧಿಕಾರಿಗಳು ಕೇಳುತ್ತಾರೆ. ಕೇಳಲೇಬೇಕಾದ ಪ್ರಶ್ನೆ. ಆದ್ದರಿಂದಲೇ ಹಸಿರು ಎಂದರೆ ಜೀವರಕ್ಷಕ ಇರುವ, ಹಗ್ಗ ಕಟ್ಟಿ ಗಡಿ ಗುರುತಿಸಿದ ಇಷ್ಟೇ ಜಾಗ ಎಂದು ಬರೆದಿರಬೇಕು. ಕಾಲುವೆಗೆ ಹಸಿರು ಎಂದಿಗೂ ಬೇಡ. ಕುಡಿಯುವ ನೀರಿನ ಭೂತನಾಳ ಕೆರೆಯಲ್ಲೂ ದಡದ ನಡಿಗೆ ಸಾಕು.

ಧೂಳಖೇಡದ ಸೇತುವೆಯ ಬಳಿಯ ಫಲಕದಲ್ಲಿ ಉಜನಿಯ ಹೊರಹರಿವನ್ನೂ ದಿನವೂ ಬರೆಯಬೇಕು. ಕನ್ನಡದಲ್ಲಿ ಬರೆದು, ಕೆಳಗೆ ಮರಾಠಿಯಲ್ಲೂ ಬರೆಯಲಿ. ಆಚೆ ದಡದ ಹುಡುಗರು ಇಳಿಯುವುದೂ ಅದೇ ನೀರಿಗೆ.