ನಾಲ್ವರ ಪ್ರಾಜೆಕ್ಟ್, ಒಬ್ಬಳ ದುಡಿಮೆ

ತಂಡದಲ್ಲಿ ಯಾರು ಎಷ್ಟು ದುಡಿದರು ಎಂಬುದನ್ನು ಆ ತಂಡದ ವಿದ್ಯಾರ್ಥಿಗಳಿಂದಲೇ ಬರೆಸಬೇಕು ಎಂದು ವಿಭಾಗದ ಸಭೆಯಲ್ಲಿ ನಾನು ಹೇಳಿದಾಗ ವಿರೋಧವೇ ಹೆಚ್ಚು ಬಂತು. ಆಕ್ಷೇಪ ಎತ್ತಿದವರು ನನಗಿಂತ ಹೆಚ್ಚು ವರ್ಷ ಪಾಠ ಮಾಡಿದವರು. ಅವರ ಮಾತಿಗೆ ಗೌರವ ಕೊಟ್ಟೇ ಉತ್ತರಿಸುತ್ತೇನೆ.

‘ಅಂಕ ಕೊಡುವುದು ಮೇಷ್ಟರ ಕೆಲಸ, ಅದನ್ನು ಹುಡುಗರ ತಲೆಗೆ ಕಟ್ಟಬಾರದು’ ಎಂದರು. ಇಂಜಿನಿಯರಿಂಗ್ ಕೊನೆಯ ವರ್ಷದ ಪ್ರಾಜೆಕ್ಟನ್ನೇ ನೋಡೋಣ. ಕೆಲಸ ನಡೆಯುವುದು ಹಾಸ್ಟೆಲ್ ಕೋಣೆಯಲ್ಲಿ, ಸಂಜೆಯ ಲ್ಯಾಬಿನಲ್ಲಿ. ಗೈಡ್ ಆದ ನಮ್ಮ ಕಣ್ಣಿಗೆ ಬೀಳುವುದು ಬೈಂಡ್ ಮಾಡಿಸಿದ ರಿಪೋರ್ಟು, ವೈವಾ ದಿನದ ಪಿಪಿಟಿ. ನಾಲ್ವರಿಗೂ ಒಂದೇ ಅಂಕ ಹಾಕಿದಾಗ, ನಾಲ್ವರೂ ಸಮನಾಗಿ ದುಡಿದರು ಎಂದು ನಾವು ಸಹಿ ಹಾಕಿದಂತಾಯಿತು. ಎಷ್ಟೋ ಸಲ ಅದು ಸುಳ್ಳು ಎಂದು ನಮಗೂ ಗೊತ್ತಿರುತ್ತದೆ. ನಾನು ಕೇಳುತ್ತಿರುವುದು ಸಾಕ್ಷಿ ಮಾತ್ರ. ಅಂಕಪಟ್ಟಿ ಮೇಷ್ಟರ ಕೈಯಲ್ಲೇ ಇರಲಿ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಶಾಲಾ ಮಕ್ಕಳ ಪ್ರಗತಿಪತ್ರದಲ್ಲೇ ಸಹಪಾಠಿಗಳ ಮೌಲ್ಯಮಾಪನಕ್ಕೆ ಜಾಗ ಕೊಟ್ಟಿದೆ. ಇಪ್ಪತ್ತೊಂದರ ಹರೆಯದವರನ್ನು ನಾವು ನಂಬಬಾರದೇ?

‘ಗೆಳೆಯರು ಗೆಳೆಯರಿಗೆ ಹಾಕಿಕೊಳ್ಳುತ್ತಾರೆ, ಜಾತಿ, ಊರು, ಗುಂಪುಗಾರಿಕೆ ಒಳಗೆ ಬರುತ್ತದೆ.’ ಬರುತ್ತದೆ, ಅಲ್ಲಗಳೆಯಲಾರೆ. ‘ಐದಕ್ಕೆ ಎಷ್ಟು’ ಎಂದು ಕೇಳಿದರೆ ಎಲ್ಲರೂ ಎಲ್ಲರಿಗೂ ಐದೇ ಹಾಕುತ್ತಾರೆ. ಆದ್ದರಿಂದ ನಾನು ಅಂಕ ಕೇಳುವುದನ್ನೇ ಬಿಟ್ಟೆ. ಈ ಹದಿನೈದು ದಿನದಲ್ಲಿ ಪ್ರತಿಯೊಬ್ಬರೂ ಮಾಡಿದ ಒಂದು ಕೆಲಸವನ್ನು ಬರೆಯಿರಿ, ಹೆಸರು ಗುಟ್ಟಾಗಿರುತ್ತದೆ ಎನ್ನುತ್ತೇನೆ. ಕೆಲಸ ತೋರಿಸದೆ ಬರೀ ಹೊಗಳಿದ ಅಥವಾ ತೆಗಳಿದ ಚೀಟಿಯನ್ನು ಪಕ್ಕಕ್ಕಿಡುತ್ತೇನೆ.

ನನ್ನ ಮನಸ್ಸನ್ನು ಹೆಚ್ಚು ಕಾಡಿದ್ದು ಮೂರನೆಯ ಆಕ್ಷೇಪ: ‘ಮಾತು ಬಲ್ಲವರು ಗೆಲ್ಲುತ್ತಾರೆ, ಸಂಕೋಚದ ಮಕ್ಕಳು, ಕನ್ನಡ ಮಾಧ್ಯಮದಿಂದ ಬಂದವರು ಸೋಲುತ್ತಾರೆ.’ ಈಗ ಸೋಲುತ್ತಿರುವವರೂ ಅವರೇ ಅಲ್ಲವೇ? ಒಂದು ವರ್ಷ ಮಣ್ಣಿನ ತೇವಾಂಶ ಅಳೆದು ಪಂಪ್ ನಡೆಸುವ ಪ್ರಾಜೆಕ್ಟ್ ಮಾಡಿದ ತಂಡವೊಂದಿತ್ತು. ಇಂಗ್ಲಿಷಿನಲ್ಲಿ ಸೊಗಸಾಗಿ ವಿವರಿಸಿದ ಹುಡುಗನೇ ತಂಡದ ಜೀವಾಳ ಎಂದು ನಾನು ನಂಬಿದ್ದೆ. ಹೋಬಳಿಯ ಸರ್ಕಾರಿ ಶಾಲೆಯಿಂದ ಬಂದ ಹುಡುಗಿ ಕೊನೆಯಲ್ಲಿ ನಿಂತಿದ್ದಳು. ರೆಕಾರ್ಡ್ ಬರೆಯಲು ಸೇರಿಸಿಕೊಂಡಿರಬೇಕು ಅಂದುಕೊಂಡೆ. ನಮ್ಮಲ್ಲಿ ಹೆಣ್ಣುಮಕ್ಕಳ ಪಾಲಿಗೆ ಬರುವುದು ಹೆಚ್ಚಾಗಿ ಅದೇ. ಚೀಟಿ ಬಿಡಿಸಿದರೆ ಮೂರರಲ್ಲೂ ಒಂದೇ ಮಾತು: ಸೆನ್ಸರ್ ಸುಟ್ಟುಹೋದಾಗ ಎರಡು ರಾತ್ರಿ ಕೂತು ಬೋರ್ಡಿಗೆ ಮತ್ತೆ ಬೆಸುಗೆ ಹಾಕಿದ್ದು ಅವಳು. ಮೂರರಲ್ಲಿ ಒಂದು ಚೀಟಿ ಆ ಮಾತುಗಾರ ಹುಡುಗನದೇ. ನನ್ನ ಕಣ್ಣಿಗೆ ಬೀಳದ್ದನ್ನು ಅವನು ನೋಡಿದ್ದ, ಕೇಳಿದಾಗ ಮುಚ್ಚಿಡಲಿಲ್ಲ.

‘ಇದು ಚಾಡಿ ಹೇಳುವುದನ್ನು ಕಲಿಸುತ್ತದೆ, ಸ್ನೇಹ ಕೆಡುತ್ತದೆ.’ ಸ್ನೇಹ ಕೆಡುವುದು ದುಡಿಯದವನಿಗೂ ದುಡಿದವಳಿಗೂ ಒಂದೇ ಅಂಕ ಬಂದಾಗ. ಫ್ರಾನ್ಸಿನ ಕೃಷಿ ಎಂಜಿನಿಯರ್ ಮ್ಯಾಕ್ಸ್ ರಿಂಗಲ್‌ಮನ್ ಹಗ್ಗ ಎಳೆಸಿ ನಡೆಸಿದ ಪ್ರಯೋಗವನ್ನು 1913ರಲ್ಲಿ ಪ್ರಕಟಿಸಿದರು. ಎಂಟು ಮಂದಿ ಸೇರಿ ಎಳೆದಾಗ ಒಬ್ಬೊಬ್ಬರ ಬಲ ಒಂಟಿಯಾಗಿ ಎಳೆದಾಗಿನ ಅರ್ಧದಷ್ಟಕ್ಕೆ ಇಳಿದಿತ್ತು. 1981ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞರು ಗುಂಪಾಗಿ ಕೂಗಿಸಿ ನೋಡಿದರು. ಒಬ್ಬೊಬ್ಬರ ಕೂಗನ್ನೂ ಬೇರೆಯಾಗಿ ಅಳೆಯುತ್ತೇವೆ ಎಂದು ತಿಳಿಸಿದಾಗ ಮೈಗಳ್ಳತನ ನಿಂತಿತು. ನಮ್ಮ ಮಕ್ಕಳೂ ಮನುಷ್ಯರೇ. ಮೊದಲ ಚೀಟಿಯನ್ನು ಸೆಮಿಸ್ಟರಿನ ನಡುವೆಯೇ ಬರೆಸಿ, ಹಿಂದೆ ಬಿದ್ದವನನ್ನು ಕರೆದು ಮಾತಾಡಿಸಿದರೆ ತಿದ್ದಿಕೊಳ್ಳಲು ಅವನಿಗೂ ಸಮಯ ಇರುತ್ತದೆ. ಮನೆಯಲ್ಲಿ ಯಾರಿಗೋ ಕಾಯಿಲೆ, ಫೀಸಿಗಾಗಿ ರಾತ್ರಿಪಾಳಿ ಎಂಬ ಸಂಗತಿಗಳು ಬೆಳಕಿಗೆ ಬರುವುದೂ ಆಗಲೇ.

ಸಮಯ ಇಲ್ಲ ಎಂಬ ದೂರಿಗೆ ಹೆಚ್ಚು ಹೇಳುವುದಿಲ್ಲ: ಬರೆಸಲು ಹತ್ತು ನಿಮಿಷ ಸಾಕು.

ಸಹೋದ್ಯೋಗಿಗಳಲ್ಲಿ ನನ್ನದೊಂದು ಕೋರಿಕೆ. ಈ ಸೆಮಿಸ್ಟರಿನಲ್ಲಿ ಒಂದೇ ಒಂದು ತಂಡದಿಂದ ಚೀಟಿ ಬರೆಸಿ. ಅದಕ್ಕೆ ಅಂಕ ಕೊಡಬೇಕಾಗಿಲ್ಲ. ವೈವಾಕ್ಕೆ ಮೊದಲು ಒಮ್ಮೆ ಓದಿಕೊಂಡು ಹೋಗಿ.