ಕಂಬಾಲಪಲ್ಲಿಯ ಬೆಂಕಿಗೆ ಹೆಸರೇನು?

'ಭಯೋತ್ಪಾದನೆ' ಎಂಬ ಪದ ಕೇಳಿದೊಡನೆ ನಮ್ಮ ಕಣ್ಣ ಮುಂದೆ ಮೂಡುವ ಚಿತ್ರ ಯಾವುದು? ನ್ಯೂಯಾರ್ಕಿನ ಅವಳಿ ಗೋಪುರಗಳು, ಮುಂಬೈಯ ತಾಜ್ ಹೋಟೆಲಿನಿಂದ ಏಳುತ್ತಿರುವ ಹೊಗೆ, ಪಹಲ್ಗಾಮ್‌ನ ಹುಲ್ಲುಗಾವಲು. ಅವುಗಳ ಜೊತೆಗೆ, ಬಾಯಿ ಬಿಟ್ಟು ಹೇಳಲಿ ಬಿಡಲಿ, ಒಂದು ಗಡ್ಡ, ಒಂದು ಟೋಪಿ. ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿಯಲ್ಲಿ 2000ದ ಮಾರ್ಚ್ 11ರಂದು ಹೊತ್ತಿ ಉರಿದ ಮನೆ ಮಾತ್ರ ಯಾರ ಕಣ್ಣ ಮುಂದೆಯೂ ಬರುವುದಿಲ್ಲ. ಏಕೆ?

ಅಂದು ಅಲ್ಲಿ ಏಳು ಮಂದಿ ದಲಿತರನ್ನು ಜೀವಂತವಾಗಿ ಸುಡಲಾಯಿತು. ಸವರ್ಣೀಯರ ಪೈಕಿ ಒಬ್ಬರು ಸತ್ತದ್ದಕ್ಕೆ ಅದು ಸೇಡು ಎಂದು ಹೇಳಲಾಯಿತು. ಪತ್ರಿಕೆಗಳು ಬರೆದವು, ಮಂತ್ರಿಗಳು ಬಂದರು, ಪರಿಹಾರ ಘೋಷಣೆಯಾಯಿತು. ಆ ಘಟನೆಯನ್ನು 'ಹತ್ಯಾಕಾಂಡ' ಎಂದರು, 'ದೌರ್ಜನ್ಯ' ಎಂದರು, 'ಜಾತಿ ಸಂಘರ್ಷ' ಎಂದರು. 'ಭಯೋತ್ಪಾದನೆ' ಎಂದವರು ಎಷ್ಟು ಮಂದಿ?

ಇದು ಬರೀ ಪದದ ಜಗಳ ಎಂದು ತಳ್ಳಿಹಾಕುವಂತಿಲ್ಲ. ಒಂದು ಕೃತ್ಯವನ್ನು ಭಯೋತ್ಪಾದನೆ ಎಂದು ಕರೆದರೆ ಇಡೀ ದೇಶ ಎದ್ದು ಕೂರುತ್ತದೆ, ವಿಶೇಷ ತನಿಖಾ ದಳ ಬರುತ್ತದೆ, ಖರ್ಚಿನ ಲೆಕ್ಕವನ್ನು ಯಾರೂ ಕೇಳುವುದಿಲ್ಲ. ಜಾತಿ ಸಂಘರ್ಷ ಎಂದು ಕರೆದರೆ ಅದು ಒಂದು ಹಳ್ಳಿಯ, ಒಂದು ಪೊಲೀಸ್ ಠಾಣೆಯ ಪಾಡು. ಹೆಸರಿಡುವವನ ಕೈಯಲ್ಲೇ ನ್ಯಾಯದ ಅರ್ಧ ಭಾಗ ಇರುತ್ತದೆ.

ನಮ್ಮ ಕಾನೂನು ಏನು ಹೇಳುತ್ತದೆ? 1967ರ ಕಾನೂನುಬಾಹಿರ ಚಟುವಟಿಕೆ ತಡೆ ಕಾಯ್ದೆಗೆ, ಅಂದರೆ ಯುಎಪಿಎಗೆ, 2004ರಲ್ಲಿ ಭಯೋತ್ಪಾದನೆಯ ಅಧ್ಯಾಯ ಸೇರಿತು. 2008 ಮತ್ತು 2012ರಲ್ಲಿ ಅದು ಬಿಗಿಯಾಯಿತು. 2019ರಲ್ಲಿ ಸಂಘಟನೆಯನ್ನಷ್ಟೇ ಅಲ್ಲ, ಒಬ್ಬ ವ್ಯಕ್ತಿಯನ್ನೂ ಭಯೋತ್ಪಾದಕನೆಂದು ಸರ್ಕಾರವೇ ಘೋಷಿಸುವ ಅಧಿಕಾರ ಬಂತು. ಅದರ 15ನೇ ಕಲಮಿನ ಪ್ರಕಾರ ದೇಶದ ಏಕತೆ, ಭದ್ರತೆ, ಸಾರ್ವಭೌಮತೆಗೆ ಬೆದರಿಕೆ ಒಡ್ಡುವ ಉದ್ದೇಶದ ಹಿಂಸೆ ಮಾತ್ರ ಭಯೋತ್ಪಾದನೆಯಲ್ಲ. ಜನರಲ್ಲಿ, ಅಥವಾ ಜನರ ಯಾವುದೇ ಒಂದು ವರ್ಗದಲ್ಲಿ ಭೀತಿ ಹುಟ್ಟಿಸುವ ಉದ್ದೇಶದ ಹಿಂಸೆಯೂ ಭಯೋತ್ಪಾದನೆಯೇ. ಬಳಸುವ ಸಾಧನಗಳ ಪಟ್ಟಿಯಲ್ಲಿ ಬಾಂಬು, ಬಂದೂಕುಗಳ ಜೊತೆಗೆ ಉರಿಯುವ ವಸ್ತುಗಳೂ ಇವೆ. ಈ ಮಾತುಗಳನ್ನು ಒಮ್ಮೆ ನಿಧಾನವಾಗಿ ಓದಿ, ಬಳಿಕ ಕಂಬಾಲಪಲ್ಲಿಯನ್ನು ನೆನಪಿಸಿಕೊಳ್ಳಿ. ಜನರ ಒಂದು ವರ್ಗವಿತ್ತು, ಬೆಂಕಿಯಿತ್ತು, ಭೀತಿಯಿತ್ತು. 2000ದಲ್ಲಿ ಈ ಕಲಮು ಇರಲಿಲ್ಲ, ನಿಜ. ಆದರೆ ಅದು ಬಂದ ಮೇಲಾದರೂ ನಮ್ಮ ಹಳ್ಳಿಗಳ ಇಂಥ ಬೆಂಕಿಗೆ ಆ ಪದ ತಾಗಿದ್ದು ಅಪರೂಪ.

ಈ ಪದದ ಚರಿತ್ರೆಯಲ್ಲೇ ಒಂದು ಗಂಟಿದೆ. 1934ರಲ್ಲಿ ಫ್ರಾನ್ಸಿನಲ್ಲಿ ಯುಗೊಸ್ಲಾವಿಯಾದ ದೊರೆ ಅಲೆಕ್ಸಾಂಡರನ ಕೊಲೆಯಾಯಿತು. ಅದರ ಬೆನ್ನಿಗೆ ಲೀಗ್ ಆಫ್ ನೇಷನ್ಸ್ 1937ರಲ್ಲಿ ಜಿನೀವಾದಲ್ಲಿ ಭಯೋತ್ಪಾದನೆಯ ವಿರುದ್ಧ ಒಂದು ಒಪ್ಪಂದ ರಚಿಸಿತು. ಅದು ಜಾರಿಗೆ ಬರಲೇ ಇಲ್ಲ. ಅದನ್ನು ಸ್ಥಿರೀಕರಿಸಿದ್ದು ಒಂದೇ ಒಂದು ದೇಶ: ಬ್ರಿಟಿಷರ ಆಡಳಿತದಲ್ಲಿದ್ದ ಭಾರತ! ಆ ಒಪ್ಪಂದದ ದೃಷ್ಟಿಯಲ್ಲಿ ಭಯೋತ್ಪಾದನೆ ಎಂದರೆ 'ರಾಜ್ಯದ ವಿರುದ್ಧ' ನಡೆಯುವ ಕೃತ್ಯ. ರಾಜ್ಯವೇ ಪ್ರಜೆಯ ವಿರುದ್ಧ ನಡೆಸುವ ಕೃತ್ಯಕ್ಕೆ ಅಲ್ಲಿ ಜಾಗವಿರಲಿಲ್ಲ.

ಮರುವರ್ಷವೇ, 1938ರ ಏಪ್ರಿಲ್ 25ರಂದು, ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥದಲ್ಲಿ ಮೈಸೂರು ಸಂಸ್ಥಾನದ ಪೊಲೀಸರು ಧ್ವಜ ಸತ್ಯಾಗ್ರಹಕ್ಕೆ ಸೇರಿದ್ದ ಜನರ ಮೇಲೆ ಗುಂಡು ಹಾರಿಸಿದರು. ಎರಡು ವಾರಗಳ ಹಿಂದಷ್ಟೇ ಮದ್ದೂರಿನ ಬಳಿಯ ಶಿವಪುರದಲ್ಲಿ ಧ್ವಜ ಹಾರಿಸಲಾಗಿತ್ತು. ಅದೇ ಕಿಚ್ಚು ಉತ್ತರ ಪಿನಾಕಿನಿಯ ದಂಡೆಗೂ ಬಂದಿತ್ತು. ಸತ್ತವರು ಹತ್ತು ಮಂದಿ ಎಂದು ಸರ್ಕಾರದ ಲೆಕ್ಕ. ಮೂವತ್ತಕ್ಕೂ ಹೆಚ್ಚು ಎಂದು ಜನರ ಲೆಕ್ಕ. ಸತ್ತವರ ಎಣಿಕೆಯಲ್ಲೂ ಪ್ರಭುತ್ವಕ್ಕೂ ಪ್ರಜೆಗೂ ಎರಡು ಗಣಿತ! ಗಾಂಧೀಜಿಯವರು ಸರ್ದಾರ್ ಪಟೇಲ್ ಮತ್ತು ಆಚಾರ್ಯ ಕೃಪಲಾನಿಯವರನ್ನು ಮೈಸೂರಿಗೆ ಕಳುಹಿಸಿದರು. ದಿವಾನರೊಂದಿಗೆ ಮಾತುಕತೆ ನಡೆದು, ಮೈಸೂರು ಧ್ವಜದೊಂದಿಗೆ ಕಾಂಗ್ರೆಸ್ ಧ್ವಜವನ್ನೂ ಹಾರಿಸಬಹುದೆಂದು ಒಪ್ಪಂದವಾಯಿತು. ಯಾವ ಬಟ್ಟೆಗಾಗಿ ಜನ ಸತ್ತರೋ ಆ ಬಟ್ಟೆ ವಾರಗಳೊಳಗೆ ಕಾನೂನುಬದ್ಧವಾಯಿತು.

ಆಗ ದಿವಾನರಾಗಿದ್ದವರು ಸರ್ ಮಿರ್ಜಾ ಇಸ್ಮಾಯಿಲ್. ಇದನ್ನು ಬೇಕೆಂದೇ ಬರೆಯುತ್ತಿದ್ದೇನೆ. ಮೈಸೂರಿಗೆ ಅವರು ಮಾಡಿದ ಉಪಕಾರವನ್ನು ನಾವು ಹೆಮ್ಮೆಯಿಂದ ನೆನೆಯುತ್ತೇವೆ. ಹಾಗೆಂದು ವಿದುರಾಶ್ವತ್ಥದ ಗುಂಡಿನ ತೂಕ ಒಂದು ಗುಲಗಂಜಿಯಷ್ಟೂ ಕಡಿಮೆಯಾಗುವುದಿಲ್ಲ. ದಿವಾನರ ಹೆಸರನ್ನು ಹಿಡಿದು ಆ ಗುಂಡಿಗೆ ಧರ್ಮದ ಬಣ್ಣ ಬಳಿಯಲು ಹೊರಟರೆ ಅದು ಇನ್ನೊಂದು ಅನ್ಯಾಯ. ತೂಗಬೇಕಾದದ್ದು ಕೃತ್ಯವನ್ನು, ಮಾಡಿದವನ ಜಾತಿ, ಮತ, ಸಮವಸ್ತ್ರವನ್ನಲ್ಲ.

ಹಾಗಾದರೆ ಭಯೋತ್ಪಾದನೆ ಎಂದರೇನು? ಬಾಂಬು ಸಿಡಿದದ್ದೆಲ್ಲ ಭಯೋತ್ಪಾದನೆಯೇ? 2021ರ ಫೆಬ್ರವರಿಯಲ್ಲಿ ಚಿಕ್ಕಬಳ್ಳಾಪುರ ತಾಲ್ಲೂಕಿನ ಹಿರೇನಾಗವಲ್ಲಿಯಲ್ಲಿ ಕಲ್ಲು ಕ್ವಾರಿಗೆ ಸೇರಿದ ಜಿಲೆಟಿನ್ ಕಡ್ಡಿಗಳು ಸಿಡಿದು ಆರು ಮಂದಿ ಸತ್ತರು. ಅದು ದುರಾಸೆ, ನಿರ್ಲಕ್ಷ್ಯ, ಅಪರಾಧ. ಆದರೆ ಯಾರನ್ನೂ ಹೆದರಿಸುವ ಉದ್ದೇಶ ಅಲ್ಲಿರಲಿಲ್ಲ. ಅದನ್ನು ಯಾರೂ ಭಯೋತ್ಪಾದನೆ ಎನ್ನಲಿಲ್ಲ, ಅದು ಸರಿಯೇ. ಅಂದರೆ ಸ್ಫೋಟಕ ಒಂದೇ ಸಾಲದು, ಹೆಣಗಳ ಸಂಖ್ಯೆಯೂ ಸಾಲದು. ನನ್ನ ಮಟ್ಟಿಗೆ ಮೂರು ಗುರುತುಗಳು ಸಾಕು. ಬಲಿಯಾದವರು ನಿರಾಯುಧ ಸಾಮಾನ್ಯ ಜನರಾಗಿರಬೇಕು. ಸತ್ತವರಿಗಿಂತಲೂ ಬದುಕಿ ಉಳಿದವರನ್ನು ಉದ್ದೇಶಿಸಿದ ಹಿಂಸೆ ಅದಾಗಿರಬೇಕು. ಆ ಭಯದ ಮೂಲಕ ಉಳಿದವರನ್ನು ಬಗ್ಗಿಸುವ, ಓಡಿಸುವ, ಬಾಯಿ ಮುಚ್ಚಿಸುವ ಗುರಿ ಇರಬೇಕು. ಮಾಡಿದವನು ಯಾರು ಎಂಬ ಪ್ರಶ್ನೆ ಈ ಮೂರರಲ್ಲಿ ಎಲ್ಲಿಯೂ ಇಲ್ಲ.

ಈ ಅಳತೆಗೋಲಿನಲ್ಲಿ 2008ರ ನವೆಂಬರ್‌ನಲ್ಲಿ ಮುಂಬೈಯಲ್ಲಿ 166 ಮಂದಿಯನ್ನು ಕೊಂದದ್ದು ಭಯೋತ್ಪಾದನೆ. 2025ರ ಏಪ್ರಿಲ್ 22ರಂದು ಪಹಲ್ಗಾಮ್‌ನಲ್ಲಿ ಧರ್ಮ ಕೇಳಿ ಗುಂಡಿಕ್ಕಿ 26 ಜೀವಗಳನ್ನು ತೆಗೆದದ್ದು ಭಯೋತ್ಪಾದನೆ. ಸತ್ತವರಲ್ಲಿ ಶಿವಮೊಗ್ಗ, ಬೆಂಗಳೂರಿನಿಂದ ರಜೆಗೆ ಹೋದವರಿದ್ದರು. ಪ್ರವಾಸಿಗರನ್ನು ಉಳಿಸಲು ಹೋಗಿ ಸತ್ತ ಅಲ್ಲಿನ ಕುದುರೆ ಸವಾರಿಯ ಮುಸ್ಲಿಮ್ ಯುವಕನೂ ಇದ್ದ. ಇದೇ ಅಳತೆಗೋಲಿನಲ್ಲಿ ಕಂಬಾಲಪಲ್ಲಿಯ ಬೆಂಕಿಯೂ ಭಯೋತ್ಪಾದನೆಯೇ.

'ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವಿರಾ? ಗಡಿಯಾಚೆಯಿಂದ ಬಂದವರು ದೇಶದ ಮೇಲೆ ಯುದ್ಧ ಸಾರುತ್ತಾರೆ; ಹಳ್ಳಿಯ ಜಗಳ ಕಾನೂನು ಸುವ್ಯವಸ್ಥೆಯ ವಿಷಯ' ಎಂದು ಕೇಳುವವರಿದ್ದಾರೆ. ಪ್ರಾಮಾಣಿಕ ಪ್ರಶ್ನೆಯೇ. ಗಡಿಯಾಚೆಯ ಶತ್ರುವನ್ನು ತಡೆಯಲು ಸೈನ್ಯ, ಗುಪ್ತಚರ ದಳ, ರಾಜತಂತ್ರ ಬೇಕು. ಹಳ್ಳಿಗೆ ಅದು ಬೇಡ. ಎದುರಿಸುವ ಉಪಾಯ ಬೇರೆ ಇರಬಹುದು, ಕೃತ್ಯದ ಹೆಸರು ಬದಲಾಗದು. ತಾಜ್ ಹೋಟೆಲಿಗೆ ಮತ್ತೆ ಅತಿಥಿಗಳು ಬಂದರು. ಕಂಬಾಲಪಲ್ಲಿಯ ನೊಂದವರಲ್ಲಿ ಎಷ್ಟು ಮಂದಿ ಅದೇ ಊರಿನಲ್ಲಿ ತಲೆಯೆತ್ತಿ ಬಾಳಿದರು? ಭಯ ತನ್ನ ಕೆಲಸವನ್ನು ಎಲ್ಲಿ ಪೂರ್ತಿಯಾಗಿ ಮುಗಿಸಿತು?

ಉತ್ತರವನ್ನು ನ್ಯಾಯಾಲಯದಲ್ಲಿ ನೋಡಿ. ಆರು ವರ್ಷ ಕಳೆದು 2006ರ ಡಿಸೆಂಬರ್‌ನಲ್ಲಿ ಕೋಲಾರದ ನ್ಯಾಯಾಲಯ ಎಲ್ಲ ಆರೋಪಿಗಳನ್ನೂ ಖುಲಾಸೆಗೊಳಿಸಿತು. ಸಾಕ್ಷಿಗಳು ತಿರುಗಿಬಿದ್ದಿದ್ದರು. 2014ರಲ್ಲಿ ಹೈಕೋರ್ಟು ಆ ಖುಲಾಸೆಯನ್ನು ಎತ್ತಿಹಿಡಿಯಿತು. ನ್ಯಾಯಾಲಯ ಬಿಟ್ಟವರನ್ನು ನಾನು ಅಪರಾಧಿಗಳು ಎನ್ನಲಾರೆ. ಹಾಗೆನ್ನುವ ಹಕ್ಕು ನನಗಿಲ್ಲ. ಆದರೆ ಏಳು ಮಂದಿ ತಾವಾಗಿಯೇ ಉರಿದುಹೋಗಲಿಲ್ಲವಲ್ಲ! ಕೊಂದವರು ಯಾರು ಎಂದು ಹುಡುಕಿ, ಸಾಬೀತುಪಡಿಸುವ ಹೊಣೆ ರಾಜ್ಯದ್ದು. ಸತ್ತವರು ಏಳು, ಶಿಕ್ಷೆಯಾದವರು ಸೊನ್ನೆ. ಸಾಕ್ಷಿ ಹೇಳಬೇಕಾದವನು ಬದುಕುವುದು ಅದೇ ಊರಿನಲ್ಲಿ, ಕೂಲಿಗೆ ಹೋಗುವುದು ಅದೇ ಹೊಲಗಳಿಗೆ, ನೀರು ತರುವುದು ಅದೇ ದಾರಿಯಲ್ಲಿ. ಅವನ ಬೆನ್ನಿಗೆ ರಾಜ್ಯ ನಿಂತಿತ್ತೇ? ಸುಪ್ರೀಂ ಕೋರ್ಟು ಸಾಕ್ಷಿ ರಕ್ಷಣಾ ಯೋಜನೆಗೆ ಒಪ್ಪಿಗೆ ಕೊಟ್ಟದ್ದು 2018ರ ಡಿಸೆಂಬರ್‌ನಲ್ಲಿ. ಕಂಬಾಲಪಲ್ಲಿಗೆ ಅದು ಹದಿನೆಂಟು ವರ್ಷ ತಡ.

ಹಾಗಾದರೆ ಕಂಬಾಲಪಲ್ಲಿಗೂ ಯುಎಪಿಎ ಹಾಕಬೇಕಿತ್ತೇ? ಖಂಡಿತ ಬೇಡ. ಕಠಿಣ ಕಾನೂನು ಎಂದರೆ ಕಠಿಣ ನ್ಯಾಯ ಎಂಬುದು ಒಂದು ಭ್ರಮೆ. 1985ರಲ್ಲಿ ಬಂದು 1995ರಲ್ಲಿ ಕೊನೆಯುಸಿರೆಳೆದ ಟಾಡಾ ಕಾಯ್ದೆಯಡಿ ಎಪ್ಪತ್ತೈದು ಸಾವಿರಕ್ಕೂ ಹೆಚ್ಚು ಮಂದಿ ಬಂಧನಕ್ಕೊಳಗಾದರು; ಶಿಕ್ಷೆಯಾದದ್ದು ನೂರಕ್ಕೆ ಇಬ್ಬರಿಗೂ ಅಲ್ಲ. 2002ರ ಪೋಟಾವನ್ನು 2004ರಲ್ಲಿ ಸಂಸತ್ತೇ ರದ್ದುಪಡಿಸಿತು. 2008ರಲ್ಲಿ ನಮ್ಮ ಕರ್ನಾಟಕದಲ್ಲೇ ವೈದ್ಯಕೀಯ, ಇಂಜಿನಿಯರಿಂಗ್ ಓದಿದ ಹುಡುಗರ ಮೇಲೆ ಭಯೋತ್ಪಾದನೆಯ ಸಂಚಿನ ಆರೋಪ ಹೊರಿಸಲಾಯಿತು. ಹೆಸರುಗಳು ದಪ್ಪಕ್ಷರದಲ್ಲಿ ಅಚ್ಚಾದವು. 2015ರಲ್ಲಿ ಹುಬ್ಬಳ್ಳಿಯ ನ್ಯಾಯಾಲಯ ಹದಿನೇಳು ಮಂದಿಯನ್ನೂ ಖುಲಾಸೆಗೊಳಿಸಿತು. ಕಳೆದುಹೋದ ವರ್ಷಗಳನ್ನು ಮರಳಿ ಕೊಡುವವರು ಯಾರು?

2025ರ ಜುಲೈ ತಿಂಗಳನ್ನೇ ತೆಗೆದುಕೊಳ್ಳಿ. ಮುಂಬೈ ರೈಲುಗಳಲ್ಲಿ 2006ರ ಜುಲೈ 11ರಂದು 189 ಮಂದಿಯನ್ನು ಬಲಿ ತೆಗೆದುಕೊಂಡ ಸ್ಫೋಟಗಳ ಪ್ರಕರಣದಲ್ಲಿ ಬಾಂಬೆ ಹೈಕೋರ್ಟು ಹನ್ನೆರಡೂ ಮಂದಿಯನ್ನು ದೋಷಮುಕ್ತಗೊಳಿಸಿತು. ಮಹಾರಾಷ್ಟ್ರ ಸರ್ಕಾರ ಸುಪ್ರೀಂ ಕೋರ್ಟಿನ ಮೊರೆ ಹೋಯಿತು. ಹತ್ತು ದಿನಗಳ ಬಳಿಕ, 2008ರಲ್ಲಿ ಆರು ಮಂದಿ ಸತ್ತ ಮಾಲೆಗಾಂವ್ ಸ್ಫೋಟದ ಪ್ರಕರಣದಲ್ಲಿ ವಿಶೇಷ ನ್ಯಾಯಾಲಯ ಏಳೂ ಆರೋಪಿಗಳನ್ನು ಬಿಟ್ಟಿತು. ಮೊದಲ ತೀರ್ಪಿಗೆ ಒಂದು ಕಡೆಯವರು ಸಂಭ್ರಮಿಸಿದರು, ಎರಡನೆಯದಕ್ಕೆ ಇನ್ನೊಂದು ಕಡೆಯವರು. ಎರಡು ಕಡೆಯ ಸತ್ತವರ ಮನೆಯವರು ಮಾತ್ರ ಒಂದೇ ಪ್ರಶ್ನೆ ಹಿಡಿದು ಉಳಿದರು: ಹಾಗಾದರೆ ನಮ್ಮವರನ್ನು ಕೊಂದವರು ಯಾರು? ಸಿಕ್ಕಿದವನನ್ನು ಹಿಡಿದರೆ ಕೊಂದವನು ತಪ್ಪಿಸಿಕೊಳ್ಳುತ್ತಾನೆ. ತಪ್ಪು ತನಿಖೆಯಿಂದ ಲಾಭವಾಗುವುದು ನಿಜವಾದ ಭಯೋತ್ಪಾದಕನಿಗೆ.

ಒಂದು ರಾಷ್ಟ್ರ ಹೇಗೆ ಉತ್ತರಿಸಬೇಕು ಎಂಬುದಕ್ಕೆ ದೂರ ಹೋಗಬೇಕಿಲ್ಲ. 2010ರ ಮೇ 3ರಂದು ಮುಂಬೈಯ ವಿಶೇಷ ನ್ಯಾಯಾಲಯ ಕಸಬ್‌ನನ್ನು ಅಪರಾಧಿ ಎಂದು ಸಾರಿತು. ಅವನಿಗೂ ವಕೀಲರನ್ನು ಕೊಡಲಾಗಿತ್ತು. ಕಾಲಿಗೆ ಗುಂಡು ಬಿದ್ದಿದ್ದ ಪುಟ್ಟ ಹುಡುಗಿಯೊಬ್ಬಳು ಅವನೆದುರೇ ಸಾಕ್ಷಿ ಹೇಳಿದ್ದಳು. ಅದೇ ತೀರ್ಪಿನಲ್ಲಿ ಅದೇ ನ್ಯಾಯಾಧೀಶರು, ಸಂಚಿನಲ್ಲಿ ಪಾಲುದಾರರೆಂದು ಪೊಲೀಸರು ಹೇಳಿದ್ದ ಇಬ್ಬರು ಭಾರತೀಯರನ್ನು ಪುರಾವೆ ಸಾಲದೆಂದು ಬಿಟ್ಟರು. ಇಡೀ ದೇಶದ ರಕ್ತ ಕುದಿಯುತ್ತಿದ್ದ ಹೊತ್ತಿನಲ್ಲಿ! ನಮ್ಮ ಗಣರಾಜ್ಯದ ಬಲ ಕಂಡದ್ದು ಆ ದಿನ.

ತಪ್ಪಿದರೆ ತಿದ್ದಿಕೊಳ್ಳುವುದೂ ಬಲವೇ. ಬೆಂಗಳೂರಿನಲ್ಲಿ ಓದಿದ ಡಾ. ಮೊಹಮ್ಮದ್ ಹನೀಫ್‌ರನ್ನು 2007ರ ಜುಲೈಯಲ್ಲಿ ಆಸ್ಟ್ರೇಲಿಯಾ ಬಂಧಿಸಿತು. ಆರೋಪ ನಿಲ್ಲಲಿಲ್ಲ. ಆ ದೇಶ ವಿಚಾರಣೆ ನಡೆಸಿತು, 2010ರಲ್ಲಿ ಕ್ಷಮೆ ಕೇಳಿತು, ಪರಿಹಾರ ಕೊಟ್ಟಿತು. ನಮ್ಮಲ್ಲಿ ತಪ್ಪು ಮೊಕದ್ದಮೆಗೆ ಸಿಲುಕಿದವರಿಗೆ ಪರಿಹಾರದ ಕಾನೂನು ಬೇಕೆಂದು ಕಾನೂನು ಆಯೋಗ 2018ರಲ್ಲೇ ವರದಿ ಕೊಟ್ಟಿತು. ಆ ವರದಿ ಕಾನೂನಾಗಲಿಲ್ಲ.

ಇನ್ನು ನಮ್ಮ ಮನೆಯೊಳಗಿನ ಮಾತು. ನಮ್ಮಂಥ ಹೆಸರಿನವನು ಎಲ್ಲೋ ಗುಂಡು ಹಾರಿಸಿದಾಗ ನಾವು ಖಂಡಿಸುತ್ತೇವೆ. ಖಂಡನೆಯ ಬೆನ್ನಿಗೇ ಒಂದು 'ಆದರೆ' ಬರುತ್ತದೆ. ಆದರೆ ಗುಜರಾತ್? ಆದರೆ ಪ್ಯಾಲೆಸ್ತೀನ್? ಆ ಪ್ರಶ್ನೆಗಳು ನ್ಯಾಯವಾದವೇ. ಬೇರೆ ದಿನ, ಬೇರೆ ವಾಕ್ಯದಲ್ಲಿ ಕೇಳೋಣ. ಹೆಣದ ಮುಂದೆ ನಿಂತು 'ಆದರೆ' ಎನ್ನುವವನು ಕೊಂದವನಿಗೆ ಅರ್ಧ ರಿಯಾಯಿತಿ ಕೊಡುತ್ತಾನೆ. ಕಂಬಾಲಪಲ್ಲಿಯ ಬಗ್ಗೆಯೂ 'ಆದರೆ ಮೊದಲು ಸತ್ತವರು ಸವರ್ಣೀಯರಲ್ಲವೇ' ಎಂದವರಿದ್ದರು. ಆ ಸಾವಿಗೂ ನ್ಯಾಯ ಸಿಗಬೇಕಿತ್ತು, ನಿಜ. ಅದಕ್ಕೆ ನ್ಯಾಯಾಲಯವಿತ್ತು, ಬೆಂಕಿಕಡ್ಡಿ ನ್ಯಾಯಾಲಯವಲ್ಲ. ಇನ್ನೊಂದು ಪ್ರಶ್ನೆಯನ್ನೂ ನಮಗೆ ನಾವೇ ಕೇಳಿಕೊಳ್ಳಬೇಕು. 2006ರ ಆ ಡಿಸೆಂಬರ್‌ನಲ್ಲಿ ದಲಿತ ಸಂಘಟನೆಗಳು ಕಂಬಾಲಪಲ್ಲಿಗಾಗಿ ದನಿಯೆತ್ತಿದಾಗ ನಮ್ಮಲ್ಲಿ ಎಷ್ಟು ಮಂದಿ ಅವರ ಪಕ್ಕದಲ್ಲಿ ನಿಂತೆವು? ನಮ್ಮ ಹುಡುಗರು ಜೈಲಿಗೆ ಹೋದಾಗ ಮಾತ್ರ ನ್ಯಾಯ ನೆನಪಾದರೆ ಅದು ನ್ಯಾಯವಲ್ಲ, ಸ್ವಾರ್ಥ.

ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಗೆ ಒಮ್ಮೆ ಬೆಳಿಗ್ಗೆ ಹೋಗಿ ನೋಡಿ. ಗೂಡು ತರುವವರು ಎಲ್ಲ ಜಾತಿಯ ರೈತರು. ಕೊಳ್ಳುವ ರೀಲರುಗಳಲ್ಲಿ ಮುಸ್ಲಿಮರು ಬಹಳ ಮಂದಿ. ರೈತನಿಗೆ ರೀಲರ್ ಬೇಕು, ರೀಲರಿಗೆ ರೈತ ಬೇಕು. ಎಲ್ಲೋ ಬಾಂಬು ಸಿಡಿದ ಮರುದಿನವೂ ಗೂಡು ಬರುತ್ತದೆ, ಹರಾಜು ನಡೆಯುತ್ತದೆ. ಹುಳು ಯಾರ ಧರ್ಮಕ್ಕೂ ಕಾಯುವುದಿಲ್ಲ. ಆ ವ್ಯವಹಾರ ನಿಂತಿರುವುದು ಒಂದೇ ನಂಬಿಕೆಯ ಮೇಲೆ: ತಕ್ಕಡಿ ಎಲ್ಲರಿಗೂ ಒಂದೇ. ಗೂಡು ಯಾರದೆಂದು ನೋಡಿ ತೂಕ ಬದಲಾದರೆ ಮರುದಿನವೇ ಮಾರುಕಟ್ಟೆ ಮುಚ್ಚುತ್ತದೆ.

ರಾಷ್ಟ್ರವೂ ಹಾಗೆಯೇ. ಭಯೋತ್ಪಾದಕನಿಗೆ ಬೇಕಾದದ್ದು ನಾವು ಆ ತಕ್ಕಡಿಯನ್ನು ಕೆಳಗಿಡಬೇಕೆಂಬುದೇ. ವಿದುರಾಶ್ವತ್ಥದ ಗುಂಡು, ಕಂಬಾಲಪಲ್ಲಿಯ ಬೆಂಕಿ, ಮುಂಬೈಯ ರೈಲು, ಮಾಲೆಗಾಂವ್‌ನ ಬೀದಿ, ಪಹಲ್ಗಾಮ್‌ನ ಹುಲ್ಲುಗಾವಲು, ಎಲ್ಲವನ್ನೂ ಒಂದೇ ತೂಕದ ಕಲ್ಲಿನಲ್ಲಿ ತೂಗುವ ಧೈರ್ಯ ನಮಗಿದೆಯೇ? ಇದ್ದರೆ ಭಯೋತ್ಪಾದನೆಯನ್ನು ಗೆಲ್ಲಬಹುದು. ಇಲ್ಲವಾದರೆ, ಕಾನೂನುಗಳನ್ನು ಎಷ್ಟೇ ಬಿಗಿ ಮಾಡಿದರೂ, ಚಿಂತಾಮಣಿಯ ಆ ಹಳ್ಳಿಯಲ್ಲಿ ಏಳು ಸಾವುಗಳು ಕೊಂದವರಿಲ್ಲದೆ ಉಳಿದಂತೆ, ಇನ್ನೆಷ್ಟೋ ಸಾವುಗಳು ಹಾಗೆಯೇ ಉಳಿಯುತ್ತವೆ.